ಆನ್‌ಲೈನ್ ಸಂದರ್ಶನವೋ, ಮುಖಾಮುಖಿಯೋ?

ಪ್ರಶ್ನೆ, ಶಿರಸಿಯಿಂದ

ಬಿ.ಕಾಂ. ಮುಗಿಸಿ ಮೂರು ವರ್ಷಗಳಿಂದ ಅಡಿಕೆ ವ್ಯಾಪಾರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನ ಕೆಲಸವೂ ಜಿಎಸ್‌ಟಿ ರಿಟರ್ನ್ ಸಲ್ಲಿಕೆಯೂ ನನ್ನದೇ ಜವಾಬ್ದಾರಿ. ಬೆಂಗಳೂರಿನ ಕಂಪನಿಯೊಂದು ಲೆಕ್ಕಪತ್ರ ವಿಭಾಗದ ಕೆಲಸಕ್ಕೆ ಸಂದರ್ಶನಕ್ಕೆ ಕರೆದಿದ್ದು, ಆನ್‌ಲೈನ್‌ನಲ್ಲಿಯೂ ಆಗಬಹುದು, ಖುದ್ದಾಗಿಯೂ ಬರಬಹುದು ಎಂದು ತಿಳಿಸಿದೆ. ಹೋಗುವುದಾದರೆ ಸುಮಾರು 400 ಕಿ.ಮೀ. ರಾತ್ರಿ ಬಸ್ಸಿನ ಪ್ರಯಾಣ ಮತ್ತು ಎರಡು ದಿನಗಳ ರಜೆ. ಎರಡನ್ನೂ ಎದುರಿಸಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ, ಹಾವೇರಿಯಿಂದ

ಆನ್‌ಲೈನ್ ಸಂದರ್ಶನದಲ್ಲಿ ನಾನು ಒಂದು ಕೆಲಸ ಕಳೆದುಕೊಂಡಿದ್ದೇನೆ, ಇನ್ನೊಂದನ್ನು ಗಳಿಸಿದ್ದೇನೆ. ಕಳೆದುಕೊಂಡದ್ದು ಕರೆಂಟು ಹೋದದ್ದರಿಂದ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆಯಲ್ಲ ಎಂದು ನಾನು ಧೈರ್ಯವಾಗಿದ್ದೆ, ಆದರೆ ವೈಫೈ ರೂಟರಿಗೆ ಬ್ಯಾಟರಿ ಇರಲಿಲ್ಲ. ಮೊಬೈಲಿನ ಹಾಟ್‌ಸ್ಪಾಟ್ ಹಾಕಿ, ಪಾಸ್‌ವರ್ಡ್ ನೆನಪಿಸಿಕೊಂಡು ಮತ್ತೆ ಸೇರುವಷ್ಟರಲ್ಲಿ ಅವರು ಮುಂದಿನ ಅಭ್ಯರ್ಥಿಯನ್ನು ಕರೆದಿದ್ದರು. ಎರಡನೆಯ ಸಲ ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ತಂದಿಟ್ಟೆ, ಹಾಟ್‌ಸ್ಪಾಟನ್ನು ಹಿಂದಿನ ದಿನವೇ ಜೋಡಿಸಿ ನೋಡಿದೆ, ಸಂದರ್ಶಕರ ಫೋನ್ ನಂಬರನ್ನೂ ಮೊದಲೇ ಕೇಳಿ ಬರೆದಿಟ್ಟುಕೊಂಡೆ.

ಕೂರುವ ಜಾಗವೂ ಮುಖ್ಯ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ; ಆದ್ದರಿಂದ ಬೆಳಕು ನಿಮ್ಮ ಎದುರಿನಿಂದ ಬೀಳುವಂತೆ ಕುಳಿತುಕೊಳ್ಳಿ. ನಾನು ನಾಲ್ಕೈದು ಹಳೆಯ ಪಠ್ಯಪುಸ್ತಕಗಳನ್ನು ಪೇರಿಸಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಿದೆ. ಅಡುಗೆಮನೆಯ ಕುಕ್ಕರ್ ಮಾತ್ರ ನನ್ನ ಹಿಡಿತದಲ್ಲಿರಲಿಲ್ಲ, ಮೂರು ಸೀಟಿ ಹಾಕಿತು. ಸಂದರ್ಶಕರು ನಕ್ಕು ಮುಂದಿನ ಪ್ರಶ್ನೆ ಕೇಳಿದರು.

ಉತ್ತರ, ಬೆಂಗಳೂರಿನಿಂದ

ನಾನು ಮೇಜಿನ ಆಚೆ ಬದಿಯವನು. ನಮ್ಮ ಕಚೇರಿಯ ಲೆಕ್ಕಪತ್ರ ವಿಭಾಗಕ್ಕೆ ಜನರನ್ನು ಆರಿಸುವವರಲ್ಲಿ ಒಬ್ಬ. ನಿಮ್ಮಂತೆ ನಿಜವಾಗಿ ಕೆಲಸ ಮಾಡಿ ಕಲಿತವರು ಖುದ್ದಾಗಿ ಬರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಪ್ರಶ್ನೆ ಕೇಳಿದ ಮೇಲೆ ಅಭ್ಯರ್ಥಿ ಯೋಚಿಸುತ್ತ ಸುಮ್ಮನಾದರೆ, ಆನ್‌ಲೈನ್‌ನಲ್ಲಿ ಅವರಿಗೆ ಉತ್ತರ ಗೊತ್ತಿಲ್ಲವೋ, ಸಂಪರ್ಕ ಕಡಿದಿದೆಯೋ, ಪರದೆಯ ಬೇರೆ ಕಿಟಕಿಯಲ್ಲಿ ಏನನ್ನಾದರೂ ಹುಡುಕುತ್ತಿದ್ದಾರೋ ನಮಗೆ ಒಂದೂ ತಿಳಿಯುವುದಿಲ್ಲ. ಕಣ್ಣು ಎಡದಿಂದ ಬಲಕ್ಕೆ ಸಾಲುಸಾಲಾಗಿ ಓಡುತ್ತಿದ್ದರೆ ಅನುಮಾನ ಇನ್ನೂ ಹೆಚ್ಚುತ್ತದೆ. ಎಐ ಬಳಸಿ ಉತ್ತರಿಸುವವರ ಕಾಟದಿಂದಾಗಿ ದೊಡ್ಡ ಕಂಪನಿಗಳೂ ಹಿಂದಿನ ಪದ್ಧತಿಯತ್ತ ತಿರುಗುತ್ತಿವೆ. ಕನಿಷ್ಠ ಒಂದು ಸುತ್ತನ್ನಾದರೂ ಮುಖಾಮುಖಿ ನಡೆಸುವುದಾಗಿ ಗೂಗಲ್‌ನ ಸುಂದರ್ ಪಿಚೈ ಅವರೇ 2025ರಲ್ಲಿ ಹೇಳಿದ್ದರು.

ಮುಖಾಮುಖಿಯಲ್ಲಿ ನಾನು ಬಾಯಿಪಾಠದ ಪ್ರಶ್ನೆ ಕೇಳುವುದಿಲ್ಲ. ಒಂದು ತಿಂಗಳ ಖರೀದಿ ಪುಸ್ತಕದ ಪ್ರತಿಯನ್ನೂ ಅದೇ ತಿಂಗಳ ಜಿಎಸ್‌ಟಿಆರ್-2ಬಿ (ಮಾರಿದವರು ಸಲ್ಲಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್ ತಾನೇ ತಯಾರಿಸುವ ಪಟ್ಟಿ) ಪ್ರತಿಯನ್ನೂ ಮುಂದಿಟ್ಟು, ಎರಡಕ್ಕೂ ಏಕೆ ತಾಳೆಯಾಗುತ್ತಿಲ್ಲ ನೋಡಿ ಎನ್ನುತ್ತೇನೆ. ಕಳೆದ ಬಾರಿ ಬಂದ ಹುಡುಗರೊಬ್ಬರು ಐದು ನಿಮಿಷ ತುಟಿ ಬಿಚ್ಚಲಿಲ್ಲ. ಬೆರಳ ಗೆಣ್ಣು ಎಣಿಸುತ್ತ, ಪೆನ್ಸಿಲಿನಿಂದ ಒಂದೊಂದೇ ಸಾಲಿಗೆ ಟಿಕ್ ಹಾಕುತ್ತ ಹೋದವರು ಒಂದು ಕಡೆ ನಿಂತು, ಒಂದೇ ಬಿಲ್ಲಿನ ನಂಬರು ಖರೀದಿ ಪುಸ್ತಕದಲ್ಲಿ ಓರೆಗೆರೆಯೊಂದಿಗೂ (/) 2ಬಿಯಲ್ಲಿ ಅಡ್ಡಗೆರೆಯೊಂದಿಗೂ (-) ಇರುವುದನ್ನು ತೋರಿಸಿದರು. ಕೊನೆಯ ಮೊತ್ತ ತಪ್ಪಿತ್ತು, ಆದರೂ ಅವರನ್ನೇ ತೆಗೆದುಕೊಂಡೆವು. ಪರದೆಯ ಮೇಲಾಗಿದ್ದರೆ ನನಗೆ ಆ ತಪ್ಪು ಮೊತ್ತವೊಂದೇ ಕಾಣುತ್ತಿತ್ತು.

ಹೊರಡುವ ಮುನ್ನ ಎರಡು ವಿಷಯ ಕೇಳಿಕೊಳ್ಳಿ: ಇದು ಎಷ್ಟನೆಯ ಸುತ್ತು, ಪ್ರಯಾಣದ ಖರ್ಚು ಕೊಡುತ್ತಾರೆಯೇ? ಮೊದಲ ಸುತ್ತಿಗೆ ಕೇವಲ ಇಪ್ಪತ್ತು ನಿಮಿಷ ಮಾತನಾಡುವುದಾದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬರಬೇಡಿ, ಅದನ್ನು ಆನ್‌ಲೈನ್‌ನಲ್ಲೇ ಮುಗಿಸಿ.

ಉತ್ತರ, ಮೈಸೂರಿನಿಂದ

ಮೇಲಿನವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ನನಗೆ ಎಡಗಿವಿ ಮಂದ. ಮೂವರು ಕುಳಿತಿದ್ದ ಒಂದು ಮುಖಾಮುಖಿ ಸಂದರ್ಶನದಲ್ಲಿ ಹೆಚ್ಚು ಪ್ರಶ್ನೆ ಕೇಳುತ್ತಿದ್ದವರು ನನ್ನ ಎಡಕ್ಕಿದ್ದರು, ತಲೆಯ ಮೇಲೆ ಫ್ಯಾನಿನ ಸದ್ದು ಬೇರೆ. ಪ್ರತಿ ಪ್ರಶ್ನೆಯನ್ನೂ ಇನ್ನೊಮ್ಮೆ ಹೇಳಿ ಎಂದು ಕೇಳಿ ಕೇಳಿ ನಾನೇ ಕುಗ್ಗಿಹೋದೆ. ಆನ್‌ಲೈನ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡು, ಮಾತು ಅಕ್ಷರವಾಗಿ ಮೂಡುವ ಕ್ಯಾಪ್ಷನ್ ಸೌಲಭ್ಯ ಚಾಲೂ ಮಾಡಿಕೊಂಡರೆ ಒಂದು ಪದವೂ ತಪ್ಪುವುದಿಲ್ಲ. ಓದುತ್ತಿರುವ ನನ್ನ ಕಣ್ಣನ್ನು ಕಂಡು ಅನುಮಾನಪಡುವವರಿದ್ದಾರೆ ಎಂಬುದು ಈಗ ತಿಳಿಯಿತು. ಮುಂದಿನ ಸಲ ಕ್ಯಾಪ್ಷನ್ ಓದುತ್ತೇನೆಂದು ಮೊದಲೇ ಹೇಳಿಬಿಡುತ್ತೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ವಿಚಾರಿಸಿದಾಗ ಇರುವುದು ಒಂದೇ ಸುತ್ತು, ಲಿಖಿತ ಪರೀಕ್ಷೆಯೂ ಅಂದೇ, ಬಸ್ಸಿನ ಖರ್ಚು ನಮ್ಮದೇ ಎಂದು ತಿಳಿಯಿತು. ಬಿಲ್ಲಿನ ಓರೆಗೆರೆ, ಅಡ್ಡಗೆರೆಗಳ ಜೊತೆ ಪ್ರತಿ ತಿಂಗಳೂ ಗುದ್ದಾಡುವವನು ನಾನು, ಆದ್ದರಿಂದ ಹೋಗಿಯೇ ಬರುತ್ತೇನೆ. ತಿಂಗಳ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಲು 20 ಕೊನೆಯ ದಿನವಾದ್ದರಿಂದ ಅದಕ್ಕೂ ಮೊದಲು ಅಂಗಡಿಯಲ್ಲಿ ರಜೆ ಸಿಗದು. 22ರಂದು ಬರಬಹುದೇ ಎಂದು ಕೇಳಿ ಬರೆದಿದ್ದೇನೆ.