ಮರದ ತುಂಬ ಹೂವು, ಒಂದು ಕಾಯಿಯೂ ಇಲ್ಲ: ಹಿತ್ತಲಿನ ಬೆಣ್ಣೆಹಣ್ಣಿನ ಮರದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರು): ನಮಸ್ಕಾರ ಸರ್. ನಮ್ಮ ಹಿತ್ತಲಲ್ಲಿ ಒಂದೇ ಒಂದು ಬಟರ್ ಫ್ರೂಟ್ ಮರ ಇದೆ. ಮಡಿಕೇರಿಯಿಂದ ತಂದ ಹಣ್ಣಿನ ಬೀಜ ಹಾಕಿದ್ದು, ಈಗ ಎಂಟು ವರ್ಷ ಆಗಿದೆ. ತಾರಸಿಗಿಂತ ಎತ್ತರ ಬೆಳೆದಿದೆ. ಹೋದ ವರ್ಷವೂ ಹೂವು ಬಂತು, ಈ ಸಂಕ್ರಾಂತಿಗೂ ಮರ ತುಂಬ ಹೂವು. ಆದರೆ ಎಲ್ಲಾ ಉದುರುತ್ತಿದೆ, ಒಂದು ಕಾಯಿಯೂ ನಿಂತಿಲ್ಲ. ಬಿಸಿಲಿಗೂ ಅಡ್ಡ, ಕಡಿಸಿಬಿಡೋಣ ಅಂತ ಅತ್ತೆಯವರು ಹೇಳುತ್ತಿದ್ದಾರೆ. ಏನಾದರೂ ದಾರಿ ಇದೆಯಾ?

ಉತ್ತರ (ತೋಟಗಾರಿಕೆ ಸಲಹೆಗಾರರು): ಕಡಿಸಬೇಡಿ ಮೇಡಂ. ಬೀಜದ ಗಿಡ ಹೂವು ಬಿಡುವುದಕ್ಕೇ ಆರೇಳು ವರ್ಷ ಬೇಕು, ಕೆಲವು ಮರಗಳಿಗೆ ಹತ್ತು ದಾಟುತ್ತದೆ. ನಿಮ್ಮದು ಆ ಹಂತ ಮುಗಿಸಿದೆ. ಮೊದಲ ಒಂದೆರಡು ವರ್ಷದ ಹೂವು ಪೂರ್ತಿ ಉದುರುವುದೂ ಇದೆ. ಚೆನ್ನಾಗಿ ಕಾಯಿ ಬಿಡುವ ದೊಡ್ಡ ಮರದಲ್ಲೂ ಲಕ್ಷಗಟ್ಟಲೆ ಹೂವು ಬಂದು, ಸಾವಿರಕ್ಕೆ ಒಂದೆರಡು ಕಾಯಿ ಕಟ್ಟಿದರೆ ಅದೇ ಒಳ್ಳೆಯ ಫಸಲು.

ಗೊಬ್ಬರ, ಔಷಧಿ ಏನೂ ಹಾಕುವ ಮೊದಲು ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಸಲ, ಮಧ್ಯಾಹ್ನ ಮೂರು ಗಂಟೆಗೆ ಒಂದು ಸಲ ಹೂವನ್ನು ಹತ್ತಿರದಿಂದ ನೋಡಿ. ಬೆಣ್ಣೆಹಣ್ಣಿನ ಪ್ರತಿ ಹೂವೂ ಎರಡು ಸಲ ಅರಳುತ್ತದೆ. ಮೊದಲ ದಿನ ಹೆಣ್ಣಾಗಿ ಅರಳಿ ಮುಚ್ಚಿಕೊಳ್ಳುತ್ತದೆ. ಮರುದಿನ ಅದೇ ಹೂವು ಗಂಡಾಗಿ ತೆರೆಯುತ್ತದೆ. ಹೆಣ್ಣಾಗಿದ್ದಾಗ ನಡುವೆ ಒಂದೇ ಒಂದು ಬಿಳಿ ಕಡ್ಡಿ ನೆಟ್ಟಗೆ ನಿಂತಿರುತ್ತದೆ, ಸುತ್ತಲಿನ ಕೇಸರಗಳು ಎಸಳಿನ ಮೇಲೆ ಮಲಗಿರುತ್ತವೆ. ಗಂಡಾಗಿದ್ದಾಗ ಕೇಸರಗಳು ಎದ್ದು ನಿಂತಿರುತ್ತವೆ, ಬೆರಳು ತಾಗಿಸಿದರೆ ಹಳದಿ ಪುಡಿ ಅಂಟುತ್ತದೆ. ಯಾವ ಹೊತ್ತಿಗೆ ಯಾವುದು ಕಂಡಿತು ಅಂತ ಬರೆಯಿರಿ. ಆಮೇಲೆ ಮುಂದಿನ ಮಾತು.

ಇನ್ನೊಬ್ಬ ಸದಸ್ಯರು (ಹಾಸನ): ನಮ್ಮ ಕಡೆ ಕಾಯಿ ಬಿಡದ ಮರಕ್ಕೆ ದೊಡ್ಡ ಮೊಳೆ ಹೊಡೆಯುತ್ತಾರೆ. ಹಲಸಿಗೂ ಹಾಗೇ ಮಾಡುತ್ತಾರೆ. ಬೀಜದ ಮರ ಎಷ್ಟಾದರೂ ದಂಡ ಅಲ್ವಾ ಸರ್?

ಉತ್ತರ: ಮೊಳೆ ಬೇಡ ಅಣ್ಣ. ಇವರ ಮರ ಹೂವು ಬಿಡಲು ಹಿಂದೇಟು ಹಾಕುತ್ತಿಲ್ಲ, ಹೂವು ಕಾಯಿ ಕಟ್ಟುತ್ತಿಲ್ಲ. ಅದಕ್ಕೆ ಮೊಳೆ ಏನೂ ಮಾಡುವುದಿಲ್ಲ. ಗಾಯದಿಂದ ಶಿಲೀಂಧ್ರ ಒಳಗೆ ಹೋಗುತ್ತದೆ, ಅಷ್ಟೇ.

ಬೀಜದ ಮರ ದಂಡ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ತಾಯಿ ಮರದ ಗುಣವೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ, ಅದು ನಿಜ. ಆದರೆ ಈಗ ಜಗತ್ತಿನಲ್ಲೇ ಜಾಸ್ತಿ ಬೆಳೆಯುವ ಹಾಸ್ ತಳಿ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಒಂದು ಮನೆತೋಟದ ಬೀಜದ ಗಿಡದಿಂದ. 1935ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ಕೊಡಗಿನಲ್ಲೂ ಕಾಫಿ ತೋಟದ ನಡುವೆ ನಿಂತಿರುವ ಹಳೇ ಮರಗಳಲ್ಲಿ ಎಷ್ಟೋ ಬೀಜದಿಂದ ಬಂದವೇ.

ಪ್ರಶ್ನೆ ಕೇಳಿದವರು (ಮೈಸೂರು): ಸರ್, ಎರಡು ದಿನ ನೋಡಿದೆ. ಬೆಳಿಗ್ಗೆ ಎಲ್ಲ ಹೂವಿನಲ್ಲೂ ನಡುವಿನ ಕಡ್ಡಿ ಮಾತ್ರ. ಹನ್ನೆರಡರ ಹೊತ್ತಿಗೆ ಹೆಚ್ಚಿನವು ಮುಚ್ಚಿದ್ದವು. ಮೂರು ಗಂಟೆಗೆ ಬೇರೆ ಹೂವುಗಳು ಅರಳಿದ್ದವು, ಮುಟ್ಟಿದರೆ ಹಳದಿ ಪುಡಿ. ಇರುವೆ, ನೊಣ ಇದ್ದವು. ಜೇನು ಕಡಿಮೆ.

ಉತ್ತರ: ತುಂಬಾ ಚೆನ್ನಾಗಿ ನೋಡಿದ್ದೀರಿ. ನಿಮ್ಮದು ಎ ಗುಂಪಿನ ಮರ. ಬೆಳಿಗ್ಗೆ ಹೆಣ್ಣು, ಮಧ್ಯಾಹ್ನದ ಮೇಲೆ ಗಂಡು. ಬಿ ಗುಂಪಿನ ಮರ ಇದಕ್ಕೆ ತಿರುಗುಮುರುಗು, ಬೆಳಿಗ್ಗೆ ಗಂಡು, ಮಧ್ಯಾಹ್ನದ ಮೇಲೆ ಹೆಣ್ಣು. ಎರಡೂ ಹತ್ತಿರ ಇದ್ದರೆ ಒಂದರ ಪರಾಗ ಇನ್ನೊಂದಕ್ಕೆ ಸರಿಯಾದ ಹೊತ್ತಿಗೆ ಸಿಗುತ್ತದೆ. ಕೊಡಗಿನಲ್ಲಿ ಅಕ್ಕಪಕ್ಕದ ತೋಟಗಳಲ್ಲಿ ಎರಡು ಬಗೆಯೂ ಇರುವುದರಿಂದ ಯಾರಿಗೂ ಇದು ಗೊತ್ತಾಗುವುದೇ ಇಲ್ಲ. ಊರೊಳಗಿನ ಒಂಟಿ ಮರಕ್ಕೆ ಇದೇ ಕಷ್ಟ. ಒಂಟಿ ಮರಗಳೂ ಕಾಯಿ ಬಿಡುವುದುಂಟು, ಯಾಕೆಂದರೆ ಚಳಿ ಇದ್ದಾಗ ಅರಳುವ ಹೊತ್ತು ಏರುಪೇರಾಗಿ ಗಂಡು ಹೆಣ್ಣು ಸ್ವಲ್ಪ ಹೊತ್ತು ಒಟ್ಟಿಗೆ ಸಿಗುತ್ತವೆ. ಆದರೆ ಅದನ್ನೇ ನಂಬಿ ಕೂರಲು ಆಗುವುದಿಲ್ಲ.

ನನ್ನ ಸಲಹೆ: ಎರಡನೇ ಮರಕ್ಕೆ ಜಾಗ ಹುಡುಕಬೇಡಿ, ಇದೇ ಮರದ ಒಂದೆರಡು ಕೊಂಬೆಗೆ ಬಿ ಗುಂಪಿನ ಕಸಿ ಕಟ್ಟಿಸಿ. ಮಳೆ ಹಿಡಿದು ಗಾಳಿಯಲ್ಲಿ ತೇವ ಇರುವಾಗ ಮಾಡಿಸುವುದು ಒಳ್ಳೆಯದು. ಕಸಿಗೆ ಬಿ ಗುಂಪಿನ ಮರದಿಂದ ಕೊಯ್ದು ತರುವ ಕಡ್ಡಿ ಪೆನ್ಸಿಲ್ ದಪ್ಪ ಇರಲಿ, ತುದಿಯ ಮೊಗ್ಗು ಉಬ್ಬಿರಲಿ ಆದರೆ ಒಡೆದಿರಬಾರದು. ಕಡ್ಡಿಯ ಎಲೆ ಕತ್ತರಿಸಿ, ಸೀಳು ಕಸಿ ಮಾಡಿ (ಕಡಿದ ಕೊಂಬೆಯ ತುದಿ ಸೀಳಿ ಕಡ್ಡಿ ಕೂರಿಸುವುದು), ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದು, ಮೇಲೊಂದು ಪಾಲಿಥೀನ್ ಕವರ್ ಹಾಕಬೇಕು. ಕೊಂಬೆ ಕಡಿದ ಜಾಗಕ್ಕೆ ನೇರ ಬಿಸಿಲು ಬಿದ್ದರೆ ತೊಗಟೆ ಸುಡುತ್ತದೆ, ಅಲ್ಲಿಗೆ ಸುಣ್ಣ ಬಳಿಯಿರಿ. ಎರಡು ಮೂರು ವರ್ಷಕ್ಕೆ ಆ ಕೊಂಬೆ ಹೂವು ಬಿಡುತ್ತದೆ.

ಅಲ್ಲಿಯವರೆಗೆ ಸುಮ್ನೆ ಇರಬೇಕಿಲ್ಲ. ಹನ್ನೆರಡರ ಆಸುಪಾಸು ಕೆಲವು ಹೆಣ್ಣು ಹೂವು ಇನ್ನೂ ತೆರೆದಿದ್ದು, ಗಂಡು ಹೂವು ಅರಳಲು ಶುರುವಾಗಿದ್ದರೆ, ಮೆತ್ತನೆ ಬ್ರಷ್‌ನಿಂದ ಪುಡಿ ತೆಗೆದು ಬಿಳಿ ಕಡ್ಡಿಯ ತುದಿಗೆ ತಾಗಿಸಿ. ಹೂವಿನ ಕಾಲದಲ್ಲಿ ಕೀಟನಾಶಕ ಖಂಡಿತ ಹೊಡೆಯಬೇಡಿ. ಇರುವ ನಾಲ್ಕು ಜೇನೂ ಹೋಗುತ್ತವೆ. ಯಾರಾದರೂ ತುಡುವೆ ಜೇನಿನ ಪೆಟ್ಟಿಗೆ ಕೊಟ್ಟರೆ ಹಿತ್ತಲಲ್ಲಿ ಇಡಿ.

ಇನ್ನೊಬ್ಬ ಸದಸ್ಯರು (ಬೆಂಗಳೂರು): ಸರ್, ನಮ್ಮದು ಕಸಿ ಗಿಡ, ಐದು ವರ್ಷ. ಎಲೆ ಚೆನ್ನಾಗಿದೆ, ಹೂವೇ ಇಲ್ಲ. ಬಚ್ಚಲು ನೀರು ಬಿಡುತ್ತೇವೆ, ಆಗಾಗ ಯೂರಿಯಾ. ಈಚೆಗೆ ಎಲೆ ತುದಿ ಸುಟ್ಟ ಹಾಗೆ ಕಾಣುತ್ತಿದೆ.

ಉತ್ತರ: ಮೊದಲು ಬಚ್ಚಲು ನೀರನ್ನು ಬೇರೆ ಕಡೆ ತಿರುಗಿಸಿ, ದಯವಿಟ್ಟು. ಈ ಮರಕ್ಕೆ ಉಪ್ಪು ಆಗುವುದಿಲ್ಲ, ಎಲೆ ತುದಿ ಸುಡುವುದು ಅದಕ್ಕೇ. ಬೋರ್‌ವೆಲ್ ನೀರು ಗಡುಸಾಗಿದ್ದರೂ ಹಾಗೇ ಆಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬುಡದಲ್ಲಿ ಸದಾ ನಿಲ್ಲುವ ತೇವ. ಕಾಳುಮೆಣಸಿಗೆ ಸೊರಗು ರೋಗ ತರುವ ಫೈಟಾಫ್ತೊರಾ ಅನ್ನುವ, ಶಿಲೀಂಧ್ರದಂಥ ರೋಗಾಣು ಇದೆಯಲ್ಲ, ಅದರದೇ ದಾಯಾದಿ ಬೆಣ್ಣೆಹಣ್ಣಿನ ಬೇರು ಕೊಳೆಸುತ್ತದೆ. ಮೇಲೆ ಹೇಳಿದ ಹಾಸ್ ತಳಿಯ ಮೂಲ ಮರವೂ 2002ರಲ್ಲಿ ಸತ್ತಿದ್ದು ಬೇರು ಕೊಳೆ ರೋಗದಿಂದಲೇ.

ಆಹಾರ ಹೀರುವ ಬೇರುಗಳು ಮಣ್ಣಿನ ಮೇಲ್ಪದರದ ಅರ್ಧ ಅಡಿಯಲ್ಲೇ ಇರುತ್ತವೆ. ಬುಡ ಅಗೆಯಬೇಡಿ. ಮಣ್ಣು ಏರಿಸಿ ನೀರು ಹರಿದುಹೋಗುವ ಹಾಗೆ ಮಾಡಿ. ಕಾಂಡದಿಂದ ಒಂದು ಗೇಣು ಬಿಟ್ಟು ತರಗೆಲೆ ದಪ್ಪಗೆ ಹರಡಿ. ಯೂರಿಯಾ ನಿಲ್ಲಿಸಿ, ಅದು ಬರೀ ಎಲೆ ಬೆಳೆಸುತ್ತದೆ. ಮಳೆಗಾಲದ ಮೊದಲು ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಪಕ್ಕದ ಕಟ್ಟಡದ ನೆರಳು ಇದೆಯಾ ಅಂತಲೂ ನೋಡಿ. ನೆರಳಲ್ಲಿ ಗಿಡ ಬದುಕುತ್ತದೆ, ಹೂವು ಬಿಡುವುದಿಲ್ಲ.

ಮೈಸೂರಿನವರಿಗೂ ನೀರಿನ ವಿಷಯದಲ್ಲಿ ಒಂದು ಮಾತು. ಕಾಯಿ ಬಟಾಣಿ ಗಾತ್ರದಿಂದ ನಿಂಬೆ ಗಾತ್ರಕ್ಕೆ ಬರುವಾಗ ಬೇಸಿಗೆ ಶುರುವಾಗಿರುತ್ತದೆ. ಆಗ ಒಂದು ವಾರ ಒಣಗಿಸಿ, ಮರುವಾರ ನೀರು ಹುಯ್ದರೆ ಕಟ್ಟಿದ ಕಾಯಿಯೂ ಉದುರುತ್ತದೆ. ಸ್ವಲ್ಪ ಸ್ವಲ್ಪವೇ, ತಪ್ಪದೆ ಕೊಡಿ.

ಪ್ರಶ್ನೆ ಕೇಳಿದವರು (ಮೈಸೂರು): ತುಂಬಾ ಧನ್ಯವಾದ ಸರ್. ಅತ್ತೆಯವರಿಗೂ ಓದಿ ಹೇಳಿದೆ, ಇನ್ನು ಕಡಿಸುವ ಮಾತಿಲ್ಲ. ಇಲ್ಲಿ ನರ್ಸರಿಯಲ್ಲಿ ಹಾಸ್ ಕಸಿ ಗಿಡ ಇದೆಯಂತೆ. ಅದರ ಕಡ್ಡಿ ಕಟ್ಟಿಸಬಹುದಾ?

ಉತ್ತರ: ಹಾಸ್ ಬೇಡ ಮೇಡಂ. ಅದೂ ಎ ಗುಂಪು, ನಿಮ್ಮ ಮರದ ಹಾಗೇ ಬೆಳಿಗ್ಗೆ ಹೆಣ್ಣು. ಹಣ್ಣು ರುಚಿ, ಆದರೆ ನಿಮಗೆ ಬೇಕಾದ ಪರಾಗ ಸಿಗುವುದಿಲ್ಲ. ಫ್ಯುಯೆರ್ಟೆ ಅನ್ನುವ ತಳಿ ಬಿ ಗುಂಪಿನದು, ಸಿಕ್ಕರೆ ತನ್ನಿ. ಕೊಡಗಿನ ಚೆಟ್ಟಳ್ಳಿಯಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವಿದೆ, ಬೆಣ್ಣೆಹಣ್ಣಿನ ಮೇಲೆ ಕೆಲಸ ಮಾಡಿರುವವರು, ಅಲ್ಲಿ ವಿಚಾರಿಸಿ. ಇಲ್ಲದಿದ್ದರೆ ಮಡಿಕೇರಿಯಲ್ಲಿ ಗೊತ್ತಿರುವವರು ಇದ್ದರೆ ಅವರಿಗೆ ಹೇಳಿ, ಈಗ ಹೂವಿನ ಕಾಲದಲ್ಲೇ ಬೆಳಿಗ್ಗೆ ಹಳದಿ ಪುಡಿ ಕಾಣುವ, ಚೆನ್ನಾಗಿ ಕಾಯಿ ಬಿಡುವ ಒಂದು ಮರಕ್ಕೆ ಬಣ್ಣದ ದಾರ ಕಟ್ಟಿಡಲಿ. ಮಳೆಗಾಲದಲ್ಲಿ ಕಡ್ಡಿ ಕೊಯ್ಯುವ ಮೊದಲು ಇಲ್ಲಿ ಒಂದು ಫೋಟೊ ಹಾಕಿ. ಮೊಗ್ಗು ಹದಕ್ಕೆ ಬಂದಿದೆಯಾ ಅಂತ ನೋಡಿ ಹೇಳುತ್ತೇನೆ.