ಪದಚರ್ಚೆ: ‘ಆಲೈ’ಗೆ ಕನ್ನಡದಲ್ಲಿ ಏನನ್ನೋಣ? ಮಿತ್ರ, ಬೆಂಬಲಿಗ, ಒತ್ತಾಸೆ…

ಗೆಳೆಯರೇ,

ಒಂದು ಪದ ಎರಡು ವಾರದಿಂದ ತಲೆ ತಿನ್ನುತ್ತಿದೆ. ಇಂಗ್ಲಿಷಿನ ‘ಆಲೈ’ (ally). ಯುದ್ಧದ ಆಲೈ ಅಲ್ಲ, ಚುನಾವಣೆಯ ಆಲೈ ಕೂಡ ಅಲ್ಲ. ಸಲಿಂಗಿಗಳ, ಟ್ರಾನ್ಸ್ ಜನರ (ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಅನ್ನುವವರ) ಜೊತೆ ನಿಲ್ಲುವ, ಆದರೆ ತಾವು ಆ ಗುಂಪಿಗೆ ಸೇರದವರನ್ನು ಆಲೈ ಅನ್ನುತ್ತಾರಲ್ಲ, ಅದು. ಇದಕ್ಕೆ ನೀವು ಏನು ಬಳಸುತ್ತೀರಿ?

ಯಾಕೆ ಕೇಳುತ್ತಿದ್ದೇನೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನನ್ನ ಅಕ್ಕನ ಮಗಳು ಅಮೆರಿಕದ ಇಂಡಿಯಾನಾದಲ್ಲಿ ಓದುತ್ತಿದ್ದಾಳೆ. ಆ ಕಡೆ ಮಿಡ್‌ವೆಸ್ಟ್ ಅನ್ನುವ ಸೀಮೆಯ ಕಾಲೇಜುಗಳಿಂದ ಸಲಿಂಗಿ, ಬೈಸೆಕ್ಶುಯಲ್ (ಒಂದಕ್ಕಿಂತ ಹೆಚ್ಚು ಲಿಂಗದವರ ಕಡೆಗೆ ಒಲವಿರುವ), ಟ್ರಾನ್ಸ್ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಒಂದು ಕಡೆ ಸೇರುತ್ತಾರೆ. 1990ರ ದಶಕದ ಮೊದಲ ವರ್ಷಗಳಿಂದ ನಡೆದು ಬಂದಿರುವ ಸಮ್ಮೇಳನ ಅದು. ಜಾಗ ಖಾಯಂ ಅಲ್ಲ. ನಮ್ಮ ಸಾಹಿತ್ಯ ಸಮ್ಮೇಳನ ಊರಿಂದ ಊರಿಗೆ ಹೋಗುವ ಹಾಗೆ ಅದು ಕ್ಯಾಂಪಸ್ಸಿಂದ ಕ್ಯಾಂಪಸ್ಸಿಗೆ ಹೋಗುತ್ತದೆ: 2011ರಲ್ಲಿ ಮಿಶಿಗನ್‌ನ ಆನ್ ಆರ್ಬರ್, 2012ರಲ್ಲಿ ಅಯೋವಾದ ಏಮ್ಸ್, 2016ರಲ್ಲಿ ಇಂಡಿಯಾನಾದ ಪರ್ಡ್ಯೂ. ನಮ್ಮ ಹುಡುಗಿಯ ರೂಮ್‌ಮೇಟ್ ಲೆಸ್ಬಿಯನ್. ಒಬ್ಬಳೇ ಹೋಗೋಕೆ ಅಳುಕು ಅಂದಳಂತೆ, ಇವಳು ಜೊತೆಗೆ ಹೋದಳು. ವ್ಯಾನಿನಲ್ಲಿ ಆರು ಗಂಟೆ ದಾರಿ. ಬಂದ ಮೇಲೆ ತನ್ನ ಅಮ್ಮನಿಗೆ ಉದ್ದಕ್ಕೆ ಒಂದು ಪತ್ರ ಬರೆದಳು, ಇಂಗ್ಲಿಷಿನಲ್ಲಿ. ಅಕ್ಕ ತುಮಕೂರಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವಳು, ಇಂಗ್ಲಿಷ್ ಓದುತ್ತಾಳೆ, ಆದರೆ ಮಗಳು ಇಂಥ ವಿಷಯ ಬರೆದಾಗ ಕನ್ನಡದಲ್ಲೇ ಓದಬೇಕು ಅನಿಸಿತಂತೆ. ಕನ್ನಡಕ್ಕೆ ಮಾಡಿಕೊಡು ಅಂತ ನನಗೆ ಕಳಿಸಿದಳು.

ನಾನು ‘ಅವಳು ಮಿತ್ರಳಾಗಿ ಹೋಗಿದ್ದಳು’ ಅಂತ ಬರೆದು ಕಳಿಸಿದೆ. ಅಕ್ಕ ಫೋನ್ ಮಾಡಿ ಕೇಳಿದ ಪ್ರಶ್ನೆ ಇದು: “ಮಿತ್ರಳಾಗಿ ಅಂದ್ರೆ ಏನೋ? ಆ ಹುಡುಗಿ ಪರವಾಗಿ ಹೋಗಿದ್ಳಾ, ಜೊತೆಗೆ ಹೋಗಿದ್ಳಾ?”

ನನಗೆ ತಕ್ಷಣ ಹೇಳೋಕೆ ಆಗಲಿಲ್ಲ. ಕನ್ನಡದಲ್ಲಿ ‘ಪರವಾಗಿ’ ಅಂದರೆ ಅವಳ ಬದಲಿಗೆ ಇವಳು ಮಾತಾಡುವುದು, ವಕೀಲರ ಹಾಗೆ. ‘ಜೊತೆಗೆ’ ಅಂದರೆ ಪಕ್ಕದಲ್ಲಿರುವುದು ಅಷ್ಟೆ, ಬಸ್ಸಿನಲ್ಲೂ ಜೊತೆಗಿರಬಹುದು. ಆಲೈ ಇವೆರಡರ ನಡುವೆ ಎಲ್ಲೋ ಇದೆ. ಅವಳ ಮಾತನ್ನು ಅವಳೇ ಆಡಬೇಕು. ಆದರೆ ಯಾರಾದರೂ ಅವಳ ಬಾಯಿ ಮುಚ್ಚಿಸೋಕೆ ಬಂದರೆ ಇವಳು ಸುಮ್ಮನಿರಬಾರದು.

ನಾನು ಎತ್ತಿ ನೋಡಿ ಕೆಳಗಿಟ್ಟ ಪದಗಳನ್ನು ಹೇಳುತ್ತೇನೆ.

‘ಮಿತ್ರ’ ಯಾಕೆ ಬೇಡ ಅಂದರೆ, ಎರಡನೇ ಮಹಾಯುದ್ಧದ ಮಿತ್ರರಾಷ್ಟ್ರಗಳು, ಪತ್ರಿಕೆಯ ಮಿತ್ರಪಕ್ಷಗಳು. ಮಿತ್ರಪಕ್ಷ ಅಂದ ಕೂಡಲೇ ಸೀಟು ಹಂಚಿಕೆ ನೆನಪಾಗುತ್ತದೆ, ಇವತ್ತು ಇದ್ದು ನಾಳೆ ಬಿಟ್ಟು ಹೋಗುವುದು ನೆನಪಾಗುತ್ತದೆ. ಬರೀ ಮಿತ್ರ ಅಂದರೆ ಗೆಳೆಯ. ಗೆಳೆತನ ಇಲ್ಲದವರಿಗೂ ಆಲೈ ಆಗಬಹುದು, ಆಗಬೇಕು ಕೂಡ. ‘ಬೆಂಬಲಿಗ’ ಪದದ ಒಳಗೆ ಬೆನ್ನು ಇದೆ, ಬಲ ಇದೆ, ಪದವಾಗಿ ಚೆನ್ನಾಗಿದೆ. ಆದರೆ ಬೆಂಬಲಿಗರು ಯಾವಾಗಲೂ ಒಬ್ಬ ದೊಡ್ಡ ಮನುಷ್ಯನ ಬೆಂಬಲಿಗರು. ಶಾಸಕರ ಬೆಂಬಲಿಗರು, ಮಾಜಿ ಮಂತ್ರಿಗಳ ಬೆಂಬಲಿಗರು. ಇಲ್ಲಿ ಸಂಖ್ಯೆಯೂ ಬಲವೂ ಜಾಸ್ತಿ ಇರುವ ಕಡೆಯವರು ಕಡಿಮೆ ಇರುವವರ ಜೊತೆ ನಿಲ್ಲಬೇಕು, ಅಂದರೆ ಪದ ತಲೆಕೆಳಗು. ‘ಹಿತೈಷಿ’ ಮದುವೆ ಕರೆಯೋಲೆಯಲ್ಲಿ ಕೂತುಬಿಟ್ಟಿದೆ. ದೂರದಿಂದ ಒಳ್ಳೆಯದಾಗಲಿ ಅಂದರೆ ಸಾಕು, ಅವರ ಕೆಲಸ ಮುಗಿಯಿತು.

‘ಸಂಗಾತಿ’ ನನಗೆ ತುಂಬಾ ಇಷ್ಟದ ಪದ. ಎಡಪಕ್ಷದವರು ಕಾಮ್ರೇಡ್‌ಗೆ ಅದನ್ನೇ ಬಳಸುತ್ತಾರೆ. ಆದರೆ ಇಲ್ಲಿ ಆಗುವುದೇ ಇಲ್ಲ ಅಲ್ವಾ? ‘ರೂಮ್‌ಮೇಟ್‌ನ ಸಂಗಾತಿಯಾಗಿ ಹೋಗಿದ್ದಳು’ ಅಂತ ಬರೆದರೆ ಅಕ್ಕ ಬೇರೆಯೇ ಓದಿಕೊಳ್ಳುತ್ತಾಳೆ. ಹಾಗೆ ಇದ್ದಿದ್ದರೂ ತಪ್ಪಿಲ್ಲ, ಆದರೆ ಅದು ನಿಜ ಅಲ್ಲ. ‘ಒಡನಾಡಿ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಒಟ್ಟಿಗೆ ಓಡಾಡುವುದು ಇದೆ, ತಡೆದು ನಿಲ್ಲುವುದು ಇಲ್ಲ. ಇನ್ನು ‘ಆಲೈ’ ಅಂತಲೇ ಬರೆಯೋಣ ಅಂದರೆ, ರಾಯಚೂರು ಕಲಬುರಗಿ ಕಡೆಯವರಿಗೆ ಮೊಹರಮ್ಮಿನ ಅಲಾಯಿ ಕಿವಿಗೆ ಬೀಳುತ್ತದೆ. ಅದೂ ನಾಲ್ಕು ಜನ ಸೇರಿ ಕುಣಿಯುವ ಹಬ್ಬವೇ, ಆದರೆ ಅರ್ಥಕ್ಕೆ ಸಹಾಯ ಮಾಡುವುದಿಲ್ಲ.

ಇಲ್ಲಿ ಸ್ವಲ್ಪ ಆ ಸಮ್ಮೇಳನದ ಹೆಸರಿನ ಕಡೆ ಬರಬೇಕು. ಯಾಕಂದರೆ ನನ್ನ ನಿಜವಾದ ತೊಡಕು ಅಲ್ಲೇ ಇದೆ.

ಅದರ ಹಳೆಯ ಪೂರ್ತಿ ಹೆಸರು: ಮಿಡ್‌ವೆಸ್ಟ್ ಬೈಸೆಕ್ಶುಯಲ್ ಲೆಸ್ಬಿಯನ್ ಗೇ ಟ್ರಾನ್ಸ್‌ಜೆಂಡರ್ ಆಲೈ ಕಾಲೇಜ್ ಕಾನ್ಫರೆನ್ಸ್. ಇದರ ಮೊದಲಕ್ಷರಗಳನ್ನು ಕೂಡಿಸಿ ಹೋಗುವವರೆಲ್ಲ ‘ಮಂಬಲ್‌ಟ್ಯಾಕ್’ ಅನ್ನುತ್ತಾರೆ. ಎಲ್‌ಜಿಬಿಟಿ ಅಂತ ಸಾಮಾನ್ಯವಾಗಿ ಲೆಸ್ಬಿಯನ್‌ನ ಎಲ್ ಮೊದಲು ಬಂದರೆ ಇಲ್ಲಿ ಬೈಸೆಕ್ಶುಯಲ್‌ನ ಬಿ ಮೊದಲು. ಬಿ ಅಕ್ಷರದವರನ್ನು ಸಲಿಂಗಿಗಳೂ ಮಿಕ್ಕವರೂ ಮರೆಯುತ್ತಾರೆ ಅನ್ನುವ ಕೊರಗು ಬಹಳ ಹಳೆಯದು, ಹಾಗಾಗಿ ಆ ಸಾಲನ್ನು ಓದಿದಾಗ ನನಗೆ ಖುಷಿಯಾಯಿತು. ಆದರೆ ಕನ್ನಡಕ್ಕೆ ತರುವಾಗ ಆ ಮೊದಲ ಪದವೇ ಕಾಲಿಗೆ ತೊಡರಿತು. ಪತ್ರಿಕೆಗಳಲ್ಲಿ ‘ಉಭಯಲಿಂಗಿ’, ‘ದ್ವಿಲಿಂಗಿ’ ಎರಡೂ ಕಾಣುತ್ತವೆ. ಶಾಲೆಯ ವಿಜ್ಞಾನ ಓದಿದವರಿಗೆ ದ್ವಿಲಿಂಗಿ ಅಂದರೆ ದಾಸವಾಳ. ಗಂಡು ಭಾಗ ಹೆಣ್ಣು ಭಾಗ ಎರಡೂ ಒಂದೇ ಹೂವಿನಲ್ಲಿ. ಪಪ್ಪಾಯಿ ಏಕಲಿಂಗಿ. ಇದು ಮೈಯ ಮಾತು, ಮನಸ್ಸಿನ ಮಾತಲ್ಲ. ಇಂಗ್ಲಿಷಿನವರು ಎರಡಕ್ಕೂ ಒಂದೇ ಪದ ಬಳಸಿದ್ದಕ್ಕೆ ನಾವೂ ಅದೇ ಗೊಂದಲವನ್ನು ಹೊತ್ತು ತಂದೆವು. ಈ ಸಮ್ಮೇಳನದಲ್ಲಿ ಮಾತಾಡಿದವರಲ್ಲಿ ಅಮೆರಿಕದ ಬೈಸೆಕ್ಶುಯಲ್ ಹೋರಾಟಗಾರ್ತಿ ರಾಬಿನ್ ಓಕ್ಸ್ ಒಬ್ಬರು. ಅವರ ವಿವರಣೆ ಈ ವಲಯದಲ್ಲಿ ಎಲ್ಲರಿಗೂ ಗೊತ್ತು: ಒಂದಕ್ಕಿಂತ ಹೆಚ್ಚು ಲಿಂಗದವರ ಕಡೆಗೆ ಒಲವು ಮೂಡಬಲ್ಲದು, ಅದು ಒಂದೇ ಕಾಲಕ್ಕೆ, ಒಂದೇ ರೀತಿಯಲ್ಲಿ, ಒಂದೇ ಅಳತೆಯಲ್ಲಿ ಇರಬೇಕು ಅಂತೇನಿಲ್ಲ. ಇದರಲ್ಲಿ ‘ಎರಡು’ ಅನ್ನುವ ಮಾತೇ ಇಲ್ಲ ನೋಡಿ. ಒಲವು ಇದೆ. ‘ಸಲಿಂಗಕಾಮಿ’ಯಲ್ಲಿ ಬೈಗುಳದ ವಾಸನೆ ಇರುವ ‘ಕಾಮಿ’ಯನ್ನು ಬಿಟ್ಟು ‘ಸಲಿಂಗಿ’, ‘ಸಲಿಂಗಪ್ರೇಮಿ’ಗೆ ಬಂದ ಹಾಗೆ ಇಲ್ಲಿಯೂ ಒಲವಿನ ಪದವೊಂದು ಬೇಕು. ಅದು ಇನ್ನೊಂದು ದಿನದ ಚರ್ಚೆ, ಯಾರಾದರೂ ಶುರು ಮಾಡಿ, ನಾನೂ ಸೇರುತ್ತೇನೆ.

ಈಗ ಎ ಅಕ್ಷರ. ಹಳೆಯ ಹೆಸರಿನಲ್ಲಿ ಎ ಅಂದರೆ ಆಲೈ. ಆಮೇಲೆ ಅದೇ ಅಕ್ಷರ ಅಸೆಕ್ಶುಯಲ್ ಅಂತ ಆಯಿತು, ಈಗಿನ ಹೆಸರು ಹಾಗೇ ಇದೆ. ಅಸೆಕ್ಶುಯಲ್ ಅಂದರೆ ಯಾರ ಕಡೆಗೂ ಲೈಂಗಿಕ ಸೆಳೆತ ಇಲ್ಲದ, ಅಥವಾ ಬಹಳ ಕಡಿಮೆ ಇರುವ ಜನ. ಕನ್ನಡದಲ್ಲಿ ‘ಅಲೈಂಗಿಕ’ ಅಂದರೆ ಮತ್ತೆ ವಿಜ್ಞಾನದ ಪಾಠ, ಅಮೀಬಾ ಎರಡಾಗಿ ಒಡೆಯುತ್ತದೆ. ಒಬ್ಬ ಹುಡುಗನಿಗೆ ಅಮೀಬಾದ ಪದ ಕೊಡೋಕೆ ನನಗೆ ಮನಸ್ಸಿಲ್ಲ. ಅವರೇ ಹೇಳಿಕೊಳ್ಳುವ ‘ಏಸ್’ ಅನ್ನು ಹಾಗೇ ಇಟ್ಟುಕೊಳ್ಳುವುದು ವಾಸಿ.

ಎ ಅಕ್ಷರ ಹೀಗೆ ಬದಲಾದದ್ದನ್ನು ಮೊದಲು ಓದಿದಾಗ ನನಗೆ ಸರಿಯಾಗಿಯೇ ಕಂಡಿತು. ಪಕ್ಕದಲ್ಲಿ ನಿಲ್ಲೋಕೆ ಬಂದವರು ತಮ್ಮ ಹೆಸರಿನ ಅಕ್ಷರ ಬಿಟ್ಟುಕೊಟ್ಟರು, ಜಾಗ ಬೇಕಾದವರು ಕೂತರು. ಆದರೆ ನಮ್ಮ ಹುಡುಗಿ ಪತ್ರದಲ್ಲಿ ಇನ್ನೊಂದು ಮಾತು ಬರೆದಿದ್ದಳು. ಆಲೈ ಅನ್ನುವ ಪದ ಅಲ್ಲಿ ಒಂದು ಸೂರಾಗಿಯೂ ಕೆಲಸ ಮಾಡುತ್ತಿತ್ತು. ತಾನು ಯಾರು ಅಂತ ಇನ್ನೂ ಮನೆಯಲ್ಲಿ ಹೇಳದವರು, ಕೆಲವು ಸಲ ತನಗೇ ಹೇಳಿಕೊಳ್ಳದವರು, ‘ನಾನು ಆಲೈ’ ಅಂತ ಹೇಳಿ ಒಳಗೆ ಬಂದು ಕೂರಬಹುದಿತ್ತು. ಯಾರೂ ಮುಂದೆ ಕೇಳುತ್ತಿರಲಿಲ್ಲ. ಕೆಲವರು ಎರಡು ಮೂರು ವರ್ಷ ಆಲೈ ಆಗಿದ್ದು ಆಮೇಲೆ ಬಾಯಿಬಿಟ್ಟು ಹೇಳಿದ್ದುಂಟು. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಮೂವತ್ತು ವರ್ಷದ ಹಿಂದೆ ನನ್ನ ಜೊತೆ ಓದಿದ ಒಬ್ಬ ಗೆಳೆಯ ನೆನಪಾದ. ಅವನಿಗೆ ಅಂಥದ್ದೊಂದು ಪದ ಸಿಕ್ಕಿದ್ದರೆ ಅನಿಸಿತು.

ಹಾಗಾಗಿ ಈಗ ನನಗೆ ಬೇಕಾದ ಪದಕ್ಕೆ ಈ ಗುಣವೂ ಇರಬೇಕು. ಪಕ್ಕದಲ್ಲಿ ನಿಲ್ಲಬೇಕು, ಬೇರೆಯವರ ಕುರ್ಚಿಯಲ್ಲಿ ಕೂರಬಾರದು, ಹೇಳದೆ ಇರುವವರಿಗೆ ಅದರ ಕೆಳಗೆ ಜಾಗ ಇರಬೇಕು. ಮೂರೂ ಇರುವ ಒಂದೇ ಪದ ನನಗೆ ಹೊಳೆದದ್ದು ‘ಒತ್ತಾಸೆ’.

ನಮ್ಮ ಕಡೆ ಇದು ಮಾಮೂಲಿ ಮಾತು. ‘ಅವನಿಗೆ ಒತ್ತಾಸೆಗೆ ನಿಂತರು’, ‘ಕಷ್ಟದಲ್ಲಿ ಒತ್ತಾಸೆಯಾದರು’. ಮುಂದೆ ನಿಂತು ಎಳೆಯುವುದೂ ಅಲ್ಲ, ಹಿಂದಿನಿಂದ ಜೈಕಾರ ಹಾಕುವುದೂ ಅಲ್ಲ. ಓಲಗದಲ್ಲಿ ನಾಗಸ್ವರದ ಪಕ್ಕ ಇನ್ನೊಂದು ವಾದ್ಯ ಇರುತ್ತಿತ್ತು, ಈಗ ಶ್ರುತಿಪೆಟ್ಟಿಗೆ ಬಂದು ಕಡಿಮೆಯಾಗಿದೆ, ಅದರ ಹೆಸರೂ ‘ಒತ್ತು’. ನೋಡೋಕೆ ನಾಗಸ್ವರದ ಹಾಗೇ, ಊದುವುದೂ ಹಾಗೇ, ಆದರೆ ರಾಗ ಅದರದ್ದಲ್ಲ. ಒಂದೇ ಶ್ರುತಿ ಹಿಡಿದು ಕೊನೆಯವರೆಗೆ ಬಿಡದೆ ಊದುತ್ತಾ ಇರಬೇಕು. ಅದು ನಿಂತರೆ ರಾಗ ನುಡಿಸುವವನಿಗೆ ಕಾಲೂರೋಕೆ ನೆಲ ಇಲ್ಲ. ಇನ್ನು ನಮ್ಮ ಒತ್ತಕ್ಷರ. ಇನ್ನೊಂದು ಅಕ್ಷರಕ್ಕೆ ಒತ್ತಾಗಿ ಬರುವಾಗ ಅದು ತನ್ನ ತಲೆಕಟ್ಟು ಬಿಟ್ಟು ಬರುತ್ತದೆ. ಈ ‘ಒತ್ತು’ಗಳಿಗೂ ‘ಒತ್ತಾಸೆ’ಗೂ ಬೇರು ಒಂದೇನಾ? ನಿಘಂಟು, ಧಾತು ಅಂತ ಕೆಲಸ ಮಾಡಿದವರು ದಯವಿಟ್ಟು ಹೇಳಿ. ಬೇರು ಬೇರೆಯಾದರೂ ಕಿವಿಯಲ್ಲಿ ಅವು ಅಕ್ಕಪಕ್ಕ ಕೂರುತ್ತವೆ, ಅದು ನನಗೆ ಮುಖ್ಯ.

ಇನ್ನೊಂದು ಅನುಕೂಲ: ‘ನಾನು ಆಲೈ’ ಅಂದರೆ ಎದೆಗೆ ಬಿಲ್ಲೆ ಹಾಕಿಕೊಂಡ ಹಾಗೆ. ‘ಒತ್ತಾಸೆಗೆ ಬಂದಿದ್ದೇನೆ’ ಅಂದರೆ ಬಂದದ್ದನ್ನು ಮಾತ್ರ ಹೇಳಿದ ಹಾಗೆ. ನಾನು ಯಾರು ಅಂತ ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ. ಬೆಂಗಳೂರಿನಲ್ಲಿ ಈ ಸಮುದಾಯದವರು ನಡೆಸುವ ಪ್ರೈಡ್ ನಡಿಗೆಯಲ್ಲಿ ನಾನು ಎರಡು ಸಲ ನಡೆದಿದ್ದೇನೆ. ಎರಡೂ ಸಲ ಪಕ್ಕದವರು ಯಾರು ಅಂತ ನಾನು ಕೇಳಲಿಲ್ಲ, ಅವರೂ ಕೇಳಲಿಲ್ಲ, ಬಿಸಿಲಿಗೆ ನೀರು ಹಂಚಿಕೊಂಡೆವು.

ತೊಂದರೆ ಎಲ್ಲಿ ಬರುತ್ತದೆ ಅಂದರೆ ಹೆಸರುಪದ ಬೇಕಾದಾಗ. ನೋಂದಣಿ ಫಾರ್ಮಿನಲ್ಲಿ ‘ಆಲೈ’ ಅಂತ ಒಂದು ಚೌಕ ಇದ್ದರೆ ಕನ್ನಡದಲ್ಲಿ ಅಲ್ಲಿ ಏನು ಬರೆಯುವುದು? ‘ಒತ್ತಾಸೆಗಾರ’ ಅಂದರೆ ಕೂಡಲೇ ‘ಒತ್ತಾಸೆಗಾರ್ತಿ’ ಬೇಕಾಗುತ್ತದೆ. ಗಂಡಾ ಹೆಣ್ಣಾ ಅಂತ ಪ್ರತಿ ಬಾಗಿಲಲ್ಲೂ ಕೇಳಿಸಿಕೊಂಡು ಸುಸ್ತಾದ ಜನರ ಸಮ್ಮೇಳನಕ್ಕೆ ನಾವೇ ಅಂಥ ಪದ ಮಾಡಿಕೊಡಬಾರದು. ‘ಒತ್ತಾಸೆಯವರು’ ಅಂದರೆ ಆ ತಾಪತ್ರಯ ಇಲ್ಲ. ಇಂಗ್ಲಿಷಿನವರು ಗಂಡು ಹೆಣ್ಣು ಅಂತ ಹೇಳದೆ ಒಬ್ಬರಿಗೇ ‘ದೇ’ (they) ಅನ್ನಬಹುದಾ ಅಂತ ಈಗ ಜಗಳ ಆಡುತ್ತಿದ್ದಾರೆ, ನಮ್ಮ ‘ಅವರು’ ಆ ಕೆಲಸವನ್ನು ಮರ್ಯಾದೆಯ ಹೆಸರಿನಲ್ಲಿ ಎಷ್ಟೋ ಕಾಲದಿಂದ ಮಾಡುತ್ತಿದೆ. ‘ಒತ್ತಾಸೆಯವರು’ ಸ್ವಲ್ಪ ಉದ್ದ ಆಯಿತು ಅನಿಸುತ್ತದೆ. ಆದರೆ ‘ಮನೆಯವರು’, ‘ಊರವರು’ ಅನ್ನುವುದಿಲ್ಲವಾ, ಬಾಯಿಗೆ ಕೂರುತ್ತದೆ.

ಇನ್ನು ‘ಕಾನ್ಫರೆನ್ಸ್’. ‘ಸಮಾವೇಶ’ ಪಕ್ಷಗಳ ಪಾಲಾಗಿದೆ. ‘ಸಮ್ಮೇಳನ’ ಅಂದರೆ ಅಧ್ಯಕ್ಷರ ಮೆರವಣಿಗೆ, ಗೋಷ್ಠಿ, ಊಟದ ಕ್ಯೂ. ಅಕ್ಕನ ಮಗಳು ಬರೆದದ್ದು ನೋಡಿದರೆ ಅಲ್ಲಿಯೂ ಗೋಷ್ಠಿ, ಊಟ, ರಾತ್ರಿ ಹಾಡು ಕುಣಿತ ಎಲ್ಲ ಇದೆ, ಆದ್ದರಿಂದ ಸಮ್ಮೇಳನ ಅಂತಲೇ ಇಟ್ಟುಕೊಂಡಿದ್ದೇನೆ. ಅದೇ ಸೀಮೆಯಲ್ಲಿ ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟ ಇವೆ, ‘ಕೂಟ’ ಅನ್ನೋಣ ಅಂತ ಒಮ್ಮೆ ಅನಿಸಿತ್ತು. ಬೆಂಗಳೂರಿನವರು ‘ಕ್ವೀರ್ ಹಬ್ಬ’ ಅಂತ ಇಟ್ಟಿದ್ದಾರೆ (ಕ್ವೀರ್ ಅಂದರೆ ಈ ಎಲ್ಲ ಅಕ್ಷರದವರಿಗೂ ಸೇರಿ ಒಂದೇ ಪದ), ಅದು ಎಲ್ಲಕ್ಕಿಂತ ಚೆನ್ನಾಗಿದೆ, ಆದರೆ ಎರಡು ದಿನ ಕೂತು ಪಾಠ ಕೇಳುವುದಕ್ಕೆ ಹಬ್ಬ ಅನ್ನಬಹುದಾ ಗೊತ್ತಾಗಲಿಲ್ಲ.

ನಿಮ್ಮಿಂದ ಬೇಕಾದದ್ದು ಇಷ್ಟು. ‘ಒತ್ತಾಸೆ’ ನಿಮ್ಮ ಊರಿನ ಮಾತಿನಲ್ಲಿ ಇದೆಯಾ? ಧಾರವಾಡ, ಮಂಗಳೂರು, ಕೊಡಗು, ಬೀದರ್ ಕಡೆಯವರು ದಯವಿಟ್ಟು ಹೇಳಿ. ಎಲ್ಲಿಯಾದರೂ ಅದಕ್ಕೆ ಕೆಟ್ಟ ಅರ್ಥ ಇದೆಯಾ, ತಪ್ಪು ಕೆಲಸಕ್ಕೆ ಕುಮ್ಮಕ್ಕು ಕೊಡುವುದು ಅನ್ನುವ ಹಾಗೆ? ಹಾಗಿದ್ದರೆ ಬಿಡಬೇಕಾಗುತ್ತದೆ. ಮತ್ತೆ, ನಿಮ್ಮಲ್ಲಿ ಈ ಸಮುದಾಯದವರೇ ಆದವರು ಇದ್ದರೆ ಅವರ ಮಾತಿಗೆ ನಾನು ಜಾಸ್ತಿ ಕಿವಿ ಕೊಡುತ್ತೇನೆ. ನಿಮ್ಮ ಪಕ್ಕ ನಿಂತವರನ್ನು ನೀವು ನಿಮ್ಮ ನಿಮ್ಮಲ್ಲಿ ಕನ್ನಡದಲ್ಲಿ ಏನಂತ ಕರೆಯುತ್ತೀರಿ? ಹೆಸರು ಹಾಕಿ ಬರೆಯಬೇಕಿಲ್ಲ, ನನಗೆ ಒಬ್ಬನಿಗೇ ಬರೆದರೂ ಸರಿ.

ಅಕ್ಕ ಭಾನುವಾರ ಮಗಳಿಗೆ ಫೋನ್ ಮಾಡುತ್ತಾಳೆ. ಅಷ್ಟರೊಳಗೆ ಆ ಸಾಲನ್ನು ತಿದ್ದಿ ಕಳಿಸಬೇಕು. ಈಗ ಬರೆದಿಟ್ಟಿರುವುದು ಹೀಗಿದೆ: ‘ಅವಳು ತನ್ನ ರೂಮ್‌ಮೇಟ್‌ಗೆ ಒತ್ತಾಸೆಗೆ ಹೋಗಿದ್ದಳು.’