ಮಳೆನೀರು ನೆಲದಡಿಯ ನೀರಿನ ಸಂಪ್‌ಗೆ ಬಿಟ್ಟರೆ ನಾಲ್ಕೇ ದಿನಕ್ಕೆ ವಾಸನೆ, ತಪ್ಪು ಎಲ್ಲಿ?

ತಾರಸಿಮನೆ:
ಬೆಂಗಳೂರು, 30x40 ಸೈಟು, ಒಂದೇ ಅಂತಸ್ತು. ತಾರಸಿ 1,000 ಚದರಡಿ, ಸಂಪ್ 6,000 ಲೀಟರಿನದು. 4 ಇಂಚಿನ ಪೈಪು ನೇರ 200 ಲೀಟರಿನ ಡ್ರಮ್ಮಿಗೆ ಇಳಿಯುತ್ತೆ. ಡ್ರಮ್ಮಲ್ಲಿ ಕೆಳಗೆ ಜಲ್ಲಿ, ನಡುವೆ ಇದ್ದಿಲು, ಮೇಲೆ ಒಂದಡಿ ಸಣ್ಣ ಮರಳು. ಜೋರು ಮಳೆಗೆ ಡ್ರಮ್ ತುಂಬಿ ಹೊರಚೆಲ್ಲುತ್ತೆ. ಸಂಪಿಗಿಳಿದ ನೀರು ಟೀ ಬಣ್ಣ, ನಾಲ್ಕು ದಿನಕ್ಕೆ ವಾಸನೆ. ಮರಳು ಬದಲಿಸಿದರೆ ಸಾಕಾ?

ಹನಿಲೆಕ್ಕ:
ಸಾಲದು ಸರ್. ಮೊದಲ ಮಳೆಯ ಕೊಳೆನೀರು ಹೊರಹೋಗಲು ನಿಮ್ಮಲ್ಲಿ ದಾರಿಯೇ ಇಲ್ಲ. ಎಲೆ, ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಡ್ರಮ್ಮಿಗೇ ಬಂದು ಅಲ್ಲೇ ಕೊಳೆಯುತ್ತೆ. ಟೀ ಬಣ್ಣ ನೆನೆದ ಎಲೆಯದು.

1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ನಿಮ್ಮದು 93 ಚದರ ಮೀಟರ್, ಹಾಗಾಗಿ ಮೊದಲ ಅರ್ಧ ಮಿ.ಮೀ. ಅಂದರೆ ಸುಮಾರು 45 ಲೀಟರ್ ಹೊರಗೆ ಹೋಗಬೇಕು. 6 ಇಂಚಿನ ಪೈಪು ಮೀಟರಿಗೆ ಸುಮಾರು 18 ಲೀಟರ್ ಹಿಡಿಯುತ್ತೆ, ಎರಡೂವರೆ ಮೀಟರ್ ಸಾಕು. ಇಳಿಪೈಪಿಗೆ ತಾರಸಿಯ ಹತ್ತಿರವೇ ಟೀ (T ಆಕಾರದ ಪೈಪ್ ಜೋಡಣೆ) ಹಾಕಿ: ನೇರ ಕೆಳಗೆ ಈ ದಪ್ಪ ಪೈಪು, ಅದು ತುಂಬಿದ ಮೇಲೆ ಬರುವ ನೀರು ಪಕ್ಕದ ಬಾಯಿಯಿಂದ ಡ್ರಮ್ಮಿಗೆ. ಟೀಯನ್ನು ಡ್ರಮ್ಮಿನ ಎತ್ತರಕ್ಕೆ ಹಾಕಿದರೆ ಕೆಳಗೆ ಮೂರಡಿಯೂ ಸಿಗಲ್ಲ. ಪೈಪಿನ ತಳಕ್ಕೆ ತಿರುಗಿಸಿ ಬಿಚ್ಚುವ ಎಂಡ್ ಕ್ಯಾಪ್, ಅದರಲ್ಲಿ 2-3 ಮಿ.ಮೀ. ತೂತು. ಒಂದೆರಡು ಗಂಟೆಯಲ್ಲಿ ತಾನಾಗಿ ಖಾಲಿಯಾಗುತ್ತೆ. ನಲ್ಲಿ ಹಾಕಬೇಡಿ: ಮಳೆ ನಿಂತ ಮೇಲೆ ತಿರುಗಿಸಲು ಮರೆತರೆ ಪೈಪು ತುಂಬಿಯೇ ಇರುತ್ತೆ, ಮುಂದಿನ ಮಳೆಯ ಕೊಳೆ ನೇರ ಒಳಗೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕ್ಯಾಪ್ ಬಿಚ್ಚಿ, ಕೆಸರು ತೂತಿಗೆ ಕಟ್ಟಿಕೊಳ್ಳುತ್ತೆ.

ಮರಳುಜಲ್ಲಿ:
ಹೊರಚೆಲ್ಲೋದು ಸಣ್ಣ ಮರಳಿಂದ. ಗಂಟೆಗೆ 30 ಮಿ.ಮೀ. ಮಳೆಗೆ ನಿಮಿಷಕ್ಕೆ 45 ಲೀಟರ್ ಬರುತ್ತೆ, ಎರಡಡಿ ಅಗಲದ ಡ್ರಮ್ಮಿನ ಸಣ್ಣ ಮರಳು ಅಷ್ಟು ಇಳಿಸಲ್ಲ. ದಪ್ಪ ಮರಳು ಆರೇ ಅಂಗುಲ ಹಾಕಿ, ಕೆಳಗೂ ಮೇಲೂ ನೈಲಾನ್ ಜಾಲರಿ. ಜಲ್ಲಿಯನ್ನು ನೀರು ತಿಳಿಯಾಗುವವರೆಗೆ ತೊಳೆದೇ ತುಂಬಿ, ಇಲ್ಲದಿದ್ದರೆ ಕ್ವಾರಿ ಧೂಳು ಸಂಪಿಗಿಳಿಯುತ್ತೆ.

ಇನ್ನೊಂದು: ಸಂಪಿಗೆ ಹೋಗುವ ಹೊರಪೈಪು ಡ್ರಮ್ಮಿನ ತಳದಿಂದ ಎಷ್ಟು ಮೇಲಿದೆ?

ತಾರಸಿಮನೆ:
ನಾಲ್ಕು ಅಂಗುಲ.

ಮರಳುಜಲ್ಲಿ:
ಹಾಗಾದರೆ ವಾಸನೆಗೆ ಅದೂ ಕಾರಣ. ಆ ನಾಲ್ಕು ಅಂಗುಲ ನೀರು ಎರಡು ಮಳೆಯ ನಡುವೆ ಅಲ್ಲೇ ನಿಂತು ಕೊಳೆತು, ಮುಂದಿನ ಮಳೆಗೆ ಸಂಪಿಗೆ ಹೋಗುತ್ತೆ. ತಳದಲ್ಲಿ 6 ಮಿ.ಮೀ. ತೂತು ಕೊರೆದು ಗಿಡದ ಕಡೆ ಬಿಡಿ. ಈಗಿನ ಸಂಪ್ ನೀರು ಪೂರ್ತಿ ಎತ್ತಿ, ಗೋಡೆ ಉಜ್ಜಿ ತೊಳೆಯಿರಿ.

ಇಂಗುಗುಂಡಿ:
ಇದೆಲ್ಲ ಸರಿಯಾದ ಮೇಲೆ 20 ಮಿ.ಮೀ. ಮಳೆಗೆ ಸುಮಾರು 1,500 ಲೀಟರ್ ಸಿಗುತ್ತೆ. ಬಳಸಲು ಒಳ್ಳೆಯದು, ಕುಡಿಯೋದಾದರೆ ಕುದಿಸಿ. ಸಂಪಿನ ಓವರ್‌ಫ್ಲೋ ಒಳಚರಂಡಿ ಚೇಂಬರಿಗೆ ಸೇರಿಸಲೇಬೇಡಿ, ಚೇಂಬರ್ ಕಟ್ಟಿಕೊಂಡ ದಿನ ಕೊಳಚೆ ಹಿಂದಕ್ಕೆ ಸಂಪಿಗೇ ನುಗ್ಗುತ್ತೆ. 3 ಅಡಿ ಅಗಲ, 20 ಅಡಿ ಆಳದ ರಿಂಗ್ ಗುಂಡಿಗೆ (ಸಿಮೆಂಟ್ ರಿಂಗ್ ಇಳಿಸಿದ ಇಂಗುಗುಂಡಿ) ಬಿಡಿ, ಸುಮಾರು 4,000 ಲೀಟರ್ ಹಿಡಿಯುತ್ತೆ. ಒಳಗೆ ಜಲ್ಲಿ ತುಂಬಿಸಬೇಡಿ, ಅರ್ಧಕ್ಕಿಂತ ಹೆಚ್ಚು ಜಾಗ ಅದೇ ತಿನ್ನುತ್ತೆ, ಹೂಳು ಎತ್ತಲೂ ಆಗಲ್ಲ. ಮೇಲೆ ಗಟ್ಟಿ ಮುಚ್ಚಳ ಇರಲೇಬೇಕು.